ಮಾಗಡಿ ಕೆರೆಯ ಹೆಬ್ಬಾತು, ಪುಲಿಗೆರೆಯ ಗುಡಿ: ಒಂದೇ ದಿನದಲ್ಲಿ ಎರಡನ್ನೂ ನೋಡುವ ಬಗೆ ಹೇಗೆ?

ಪ್ರಶ್ನೆ
ಸಾಧನಕೇರಿ ಓದುಗ, ಧಾರವಾಡ

ಬಲ್ಲವರೆಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ಮನೆಮಂದಿಯೆಲ್ಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಇದು ನಮ್ಮ ಎರಡನೆಯ ಪ್ರಯತ್ನ. ಕಳೆದ ಜನವರಿಯಲ್ಲಿ ಒಂದು ಭಾನುವಾರ ಆರಾಮಾಗಿ ನಾಷ್ಟಾ ಮುಗಿಸಿ ಹೊರಟು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕೆರೆ ಮುಟ್ಟಿದೆವು. ನೀರಿನ ನಡುವೆ ಬೂದು ಬಣ್ಣದ ಚುಕ್ಕೆಗಳ ಹಾಗೆ ಏನೋ ಕಾಣಿಸುತ್ತಿತ್ತು, ಅಷ್ಟೆ. ಬಿಸಿಲು ನೆತ್ತಿಯ ಮೇಲಿತ್ತು, ಮಕ್ಕಳಿಗೆ ಹಸಿವಾಗಿತ್ತು, ಅರ್ಧ ಗಂಟೆಯಲ್ಲಿ ವಾಪಸು ಬಂದುಬಿಟ್ಟೆವು. ಹಿಮಾಲಯ ದಾಟಿ ಬರುವ ಹಕ್ಕಿಯ ಬಗ್ಗೆ ಶಾಲೆಯಲ್ಲಿ ಕೇಳಿ, ತಿಂಗಳುಗಟ್ಟಲೆ ಕಾದಿದ್ದ ಮಗಳು ಕಾರಿನಲ್ಲಿ ಹುಬ್ಬಳ್ಳಿಯವರೆಗೂ ಒಂದು ಮಾತನ್ನೂ ಆಡಲಿಲ್ಲ.

ಈ ಸಲ ಹಾಗಾಗಬಾರದು. ಮಗಳು ಈಗ ಐದನೆಯ ತರಗತಿಯಲ್ಲಿದ್ದಾಳೆ. ಮಗನಿಗೆ ಏಳು ವರ್ಷ, ನೀರು ಕಂಡರೆ ಕಲ್ಲು ಎಸೆಯದೆ ಇರುವವನಲ್ಲ. ಜೊತೆಗೆ ನಮ್ಮ ತಂದೆಯವರು ಬರುತ್ತಾರೆ. ಅವರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವಿದೆ, ಆದರೆ ಹಳಗನ್ನಡದಲ್ಲಿ ಮುಳುಗಿ ಬದುಕಿದವರು. ಪಂಪನ ಪುಲಿಗೆರೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನಗಳ ಆಸೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಮಾಗಡಿಯಿಂದ ಹತ್ತು ಹನ್ನೊಂದು ಕಿಲೋಮೀಟರ್ ಎಂದು ತಿಳಿದ ಮೇಲೆ ಎರಡನ್ನೂ ಸೇರಿಸಿಕೊಳ್ಳುವ ಯೋಚನೆ ಬಂದಿದೆ. ಬಂಧುಗಳೊಬ್ಬರು ಲಕ್ಕುಂಡಿಯನ್ನೂ ಅದೇ ದಿನ ಮುಗಿಸಿಬಿಡಿ ಎನ್ನುತ್ತಿದ್ದಾರೆ. ಕೆರೆಯ ಬಳಿ ಯಾವ ಹೊತ್ತಿನಲ್ಲಿ ಇರಬೇಕು, ಲಕ್ಷ್ಮೇಶ್ವರದಲ್ಲಿ ಏನನ್ನು ನೋಡಬೇಕು, ಲಕ್ಕುಂಡಿ ಸಾಧ್ಯವೇ, ದಯವಿಟ್ಟು ತಿಳಿಸಿ.

ಉತ್ತರ
ದುರ್ಬೀನು, ಹುಬ್ಬಳ್ಳಿ

ನಿಮ್ಮ ಮಗಳ ಮೌನ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ತಪ್ಪಾದದ್ದು ಹೊತ್ತಿನ ಆಯ್ಕೆ ಮಾತ್ರ. ಪಟ್ಟೆತಲೆ ಹೆಬ್ಬಾತು ನೀರಿನಲ್ಲಿ ಇರುತ್ತದೆಯೇ ಹೊರತು ನೀರಿನಲ್ಲಿ ಉಣ್ಣುವುದು ಕಡಿಮೆ. ಅದು ಮೀನು ಹಿಡಿಯುವ ಹಕ್ಕಿಯಲ್ಲ, ಹುಲ್ಲು, ಎಳೆಯ ಪೈರು, ಕಾಳು ತಿನ್ನುವ ಹಕ್ಕಿ. ಸಂಜೆ ಕತ್ತಲಾಗುವ ಹೊತ್ತಿಗೆ ಕೆರೆಯಿಂದ ಎದ್ದು ಸುತ್ತಲಿನ ಹೊಲಗಳಿಗೆ ಹೋಗಿ ಮೇಯುತ್ತದೆ, ಬೆಳಿಗ್ಗೆ ಮರಳಿ ಬಂದು ಹಗಲೆಲ್ಲ ನೀರಿನ ನಡುವೆ, ನಾಯಿ ನರಿಗಳಿಗೆ ಎಟುಕದ ಜಾಗದಲ್ಲಿ, ಕೊರಳನ್ನು ಬೆನ್ನಿನ ಮೇಲೆ ಮಡಚಿಕೊಂಡು ವಿಶ್ರಮಿಸುತ್ತದೆ. ನೀವು ನೋಡಿದ ಬೂದು ಚುಕ್ಕೆಗಳು ರಾತ್ರಿಯೆಲ್ಲ ಮೇಯ್ದು ಬಂದು ಮಲಗಿದ್ದ ಹೆಬ್ಬಾತುಗಳೇ.

ಆದ್ದರಿಂದ ಎರಡೇ ಹೊತ್ತು: ಸೂರ್ಯ ಹುಟ್ಟುವ ಮುಂಚಿನಿಂದ ಎಂಟೂವರೆಯವರೆಗೆ, ಇಲ್ಲವೇ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ನನಗೆ ಬೆಳಗಿನ ಹೊತ್ತೇ ಇಷ್ಟ, ಏಕೆಂದರೆ ಹಿಂಡುಗಳು ಒಂದೊಂದಾಗಿ ಇಳಿಯುವುದನ್ನು ನಿಧಾನವಾಗಿ ನೋಡಬಹುದು. ಆದರೆ ಅದಕ್ಕೆ ಹಿಂದಿನ ರಾತ್ರಿಯೇ ಗದಗಿನಲ್ಲಿ ಉಳಿಯಬೇಕಾಗುತ್ತದೆ. ಮಾಗಡಿ ಗದಗಿನಿಂದ ಸುಮಾರು 26 ಕಿಲೋಮೀಟರ್ ಇದೆ. ಧಾರವಾಡದಿಂದ ಅಂದೇ ಹೋಗಿ ಅಂದೇ ಬರುವವರಿಗೆ ಸಂಜೆಯೇ ಸರಿ. ಹಗಲನ್ನು ಲಕ್ಷ್ಮೇಶ್ವರಕ್ಕೆ ಕೊಡಿ, ಬಿಸಿಲು ಇಳಿದ ಮೇಲೆ ಕೆರೆಗೆ ಬನ್ನಿ. ಸೂರ್ಯ ನಿಮ್ಮ ಬೆನ್ನಿಗೆ ಬರುವ ದಂಡೆಯನ್ನು ಆರಿಸಿಕೊಳ್ಳಿ. ಎದುರು ಬಿಸಿಲಿದ್ದರೆ ಎಲ್ಲ ಹಕ್ಕಿಗಳೂ ಕಪ್ಪಾಗಿ ಕಾಣುತ್ತವೆ, ಪಟ್ಟೆಯೂ ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ.

ದುರ್ಬೀನು ಇಲ್ಲದೆ ಹೋಗಬೇಡಿ. ಸ್ವಂತದ್ದು ಇಲ್ಲದಿದ್ದರೆ ಪರಿಚಿತರಿಂದ ಕೇಳಿ ತೆಗೆದುಕೊಂಡು ಹೋಗಿ. ಮಗಳಿಗೆ ಒಂದು ಕೆಲಸ ಕೊಡಿ. ದೊಡ್ಡ ಹಕ್ಕಿಯ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುತ್ತವೆ. ಒಂದು ಕಣ್ಣಿನಿಂದ ಕಣ್ಣಿಗೆ ನೆತ್ತಿಯನ್ನು ಬಳಸಿ ಬರುತ್ತದೆ, ಇನ್ನೊಂದು ಅದರ ಕೆಳಗೆ ಚಿಕ್ಕದಾಗಿರುತ್ತದೆ. ಅದೇ ವರ್ಷ ಹುಟ್ಟಿದ ಮರಿಗಳಿಗೆ ಈ ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ, ನೆತ್ತಿಯೂ ಹಿಂಗೊರಳೂ ಮಾಸಲು ಕಂದಾಗಿರುತ್ತವೆ. ಮರಿಗಳು ಮೊದಲ ಚಳಿಗಾಲದಲ್ಲಿ ತಾಯಿತಂದೆಯರ ಜೊತೆಯಲ್ಲೇ ಇರುತ್ತವೆ. ಪಟ್ಟೆ ಇಲ್ಲದ ಒಂದು ತಲೆ ಸಿಕ್ಕರೆ ಅದರ ಅಕ್ಕಪಕ್ಕದಲ್ಲಿ ಪಟ್ಟೆ ಇರುವ ಎರಡು ತಲೆಗಳನ್ನು ಹುಡುಕಲು ಹೇಳಿ. ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳ ಬಳಿ ಮೊಟ್ಟೆಯೊಡೆದು ಬಂದ ಮರಿ ನಾಲ್ಕೈದು ತಿಂಗಳಲ್ಲಿ ನಮ್ಮ ಶಿರಹಟ್ಟಿ ತಾಲೂಕಿನ ನೀರಿನ ಮೇಲೆ ತೇಲುತ್ತಿದೆ ಎಂಬುದನ್ನು ಅವಳು ತಾನೇ ಕಂಡುಕೊಂಡರೆ ಮುಂದೆ ಯಾವ ಪಾಠವೂ ಬೇಕಾಗುವುದಿಲ್ಲ. ಸಮುದ್ರಮಟ್ಟದಿಂದ ಏಳು ಸಾವಿರ ಮೀಟರಿಗೂ ಮೇಲೆ ಈ ಹಕ್ಕಿ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತದ ಹಿಮೋಗ್ಲೋಬಿನ್‌ಗೆ ಇದೆ.

ಹೆಬ್ಬಾತಿನ ಜೊತೆಗೆ ಬೇರೆ ಬಾತುಗಳು, ಹಣೆಯ ಮೇಲೆ ಬಿಳಿ ನಾಮವಿರುವ ನಾಮದ ಕೋಳಿ, ಬಣ್ಣದ ಕೊಕ್ಕರೆ, ನೋಡುತ್ತಿರುವಾಗಲೇ ಮುಳುಗಿ ಎಲ್ಲೋ ಏಳುವ ಗುಳುಮುಳುಕ ಸಿಗಬಹುದು. ನಿಮ್ಮ ಮಗನಿಗೆ ಗುಳುಮುಳುಕನನ್ನು ಒಪ್ಪಿಸಿಬಿಡಿ. ಮುಳುಗಿದ ಮೇಲೆ ಅದು ಎಲ್ಲಿ ಏಳುತ್ತದೆ ಎಂದು ಎಣಿಸುತ್ತ ಕುಳಿತ ಮಗು ಕಲ್ಲಿನ ನೆನಪು ಮಾಡಿಕೊಳ್ಳುವುದಿಲ್ಲ.

ಒಂದು ವಿನಂತಿ. ಎರಡು ವರ್ಷಗಳ ಹಿಂದೆ ನಾನು ಅಲ್ಲಿದ್ದಾಗ ಯಾರೋ ಯುವಕರು ಡ್ರೋನ್ ಹಾರಿಸಿದರು. ಕೆರೆಯ ಮೇಲಿದ್ದ ಹಕ್ಕಿಗಳೆಲ್ಲ ಒಂದೇ ಸಲ ಎದ್ದವು. ಅವರಿಗೆ ಬೇಕಾದ ಚಿತ್ರ ಸಿಕ್ಕಿತು, ಆದರೆ ಕತ್ತಲಾಗುವವರೆಗೆ ಕಾದರೂ ಆ ಹಿಂಡು ಮರಳಲಿಲ್ಲ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಹಗಲಿನ ನಿದ್ದೆಯೇ ಆಹಾರದಷ್ಟು ಮುಖ್ಯ. ಇದು ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಸುಮಾರು ಐವತ್ತು ಹೆಕ್ಟೇರಿನಷ್ಟೇ ಇರುವ ಒಂದು ಊರ ಕೆರೆಗೆ ಇದು ಸಣ್ಣ ಗೌರವವಲ್ಲ. ಮಕ್ಕಳು ದೋಣಿ, ಜೋಕಾಲಿ ಬೇಕೆಂದು ಹಟ ಮಾಡಿದರೆ ಉಣಕಲ್ ಕೆರೆಯ ಉದ್ಯಾನಕ್ಕೆ ಮತ್ತೊಂದು ದಿನ ಕರೆದುಕೊಂಡು ಹೋಗಿ. ಮಾಗಡಿ ಸುಮ್ಮನೆ ಕುಳಿತು ನೋಡುವ ಜಾಗ.

ಉತ್ತರ
ನಿವೃತ್ತ ಮಾಸ್ತರ, ಗದಗ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಪುಲಿಗೆರೆಯನ್ನು ನೋಡಬೇಕೆಂಬ ಆಸೆ ಇಟ್ಟುಕೊಂಡು ಬರುವವರು ಈಗ ವಿರಳವಾಗಿದ್ದಾರೆ.

ಮೊದಲು ಹೆಸರನ್ನೇ ನೋಡಿ. ಪುಲಿ ಮತ್ತು ಕೆರೆ ಸೇರಿ ಪುಲಿಗೆರೆ, ಆದೇಶ ಸಂಧಿ. ಪಕಾರ ಹಕಾರವಾಗಿ ಮುಂದೆ ಅದೇ ಹುಲಿಗೆರೆ. ಅಂದರೆ ನೀವು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುತ್ತಿದ್ದೀರಿ. ಈ ಸೀಮೆಯಲ್ಲಿ ಊರೆಂದರೆ ಕೆರೆಯೇ ಆಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಎರಡು ನಾಡುಗಳನ್ನು ಒಟ್ಟಿಗೆ ಶಾಸನಗಳು 'ಎರಡರುನೂರು' ಎಂದು ಕರೆಯುತ್ತವೆ. ನಿಮ್ಮ ಇಡೀ ಪ್ರವಾಸ ಈ ಎರಡರುನೂರಿನ ಒಳಗೇ ನಡೆಯುತ್ತದೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಿನ ನಾಡನ್ನೇ ಕನ್ನಡದ ತಿರುಳೆಂದು ಗುರುತಿಸುತ್ತದೆ. ಇಂದಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ನೂರು ವರ್ಷಗಳ ನಂತರ, ಕ್ರಿ.ಶ. 941ರ ಸುಮಾರಿಗೆ, ಅರಿಕೇಸರಿಯ ಆಶ್ರಯದಲ್ಲಿ ಇಂದಿನ ತೆಲಂಗಾಣದ ವೇಮುಲವಾಡದಲ್ಲಿದ್ದ ಪಂಪ ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ. ಅಷ್ಟು ದೂರದ ಆಸ್ಥಾನದಲ್ಲಿ ಕುಳಿತ ಕವಿಗೂ ಭಾಷೆಯ ಅಳತೆಗೋಲು ಈ ಊರೇ ಆಗಿತ್ತು. ಇದನ್ನು ನಿಮ್ಮ ತಂದೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳಿಗೆ ಅವರ ಬಾಯಿಂದಲೇ, ಗುಡಿಯ ಅಂಗಳದಲ್ಲೇ ಹೇಳಿಸಿ.

ಸೋಮೇಶ್ವರ ಗುಡಿಯನ್ನು ನಿಧಾನವಾಗಿ ನೋಡಿ. ಕೋಟೆಯಂತಹ ಎತ್ತರದ ಪ್ರಾಕಾರದ ಒಳಗೆ ದೊಡ್ಡ ಗುಡಿ, ಸುತ್ತಲೂ ಚಿಕ್ಕ ಗುಡಿಗಳು, ಮೆಟ್ಟಿಲುಗಳುಳ್ಳ ತೆರೆದ ಬಾವಿ. ಗರ್ಭಗುಡಿಯಲ್ಲಿ ಬರಿಯ ಲಿಂಗವಲ್ಲ, ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿ ಇದೆ, ಇದು ಅಪರೂಪ. ಸೌರಾಷ್ಟ್ರದಿಂದ ಬಂದ ಶರಣ ಆದಯ್ಯ ಸೋಮನಾಥನನ್ನು ಇಲ್ಲಿಗೆ ತಂದನೆಂಬ ಕಥೆ ಊರಿನವರ ಬಾಯಲ್ಲಿ ಈಗಲೂ ಇದೆ. ತಂದೆಯವರಿಗೆ ಪ್ರಾಕಾರದ ನೆರಳಿನಲ್ಲಿ ಕುಳಿತುಕೊಳ್ಳಲು ಸಾಕಷ್ಟು ಸ್ಥಳವಿದೆ. ಸಮಯ ಉಳಿದರೆ ಶಂಖ ಬಸದಿಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ನೋಡಿ. ಅಂಗೈಯಷ್ಟೂ ಇಲ್ಲದ ಜಿನಮೂರ್ತಿಗಳು ಸಾಲುಸಾಲಾಗಿ ಒಂದೇ ಕಲ್ಲಿನ ಮೇಲೆ ಕುಳಿತಿವೆ. ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯೂ ಊರೊಳಗೇ ಇದೆ.

ಶಾಸನಗಳ ವಿಷಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಮಾಡಿಸುತ್ತಿದ್ದ ಒಂದು ಅಭ್ಯಾಸವಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳ ಗದ್ಯಭಾಗ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಆರಂಭವಾಗುತ್ತದೆ: 'ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ'. ಇದನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಕಲ್ಲಿನ ಮೇಲೆ 'ಸ್ವಸ್ತಿ' ಎಂಬ ಎರಡಕ್ಷರ ಸಿಕ್ಕಿದ ಕೂಡಲೇ ಮುಂದಿನ ಅಕ್ಷರಗಳನ್ನು ಊಹಿಸಿ ಹೊಂದಿಸಿಕೊಳ್ಳಬಹುದು. ಅಕ್ಷರಗಳ ಮೇಲೆ ಸುಣ್ಣ, ಪುಡಿ, ನೀರು ಏನನ್ನೂ ಹಚ್ಚಬೇಡಿ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಅಕ್ಷರದ ಗೆರೆಗಳು ತಾವಾಗಿಯೇ ಎದ್ದು ಕಾಣುತ್ತವೆ. ನೆರಳಿನಲ್ಲಿದ್ದರೆ ಮೊಬೈಲಿನ ಬೆಳಕನ್ನು ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಹಿಡಿದರೆ ಏನೂ ಓದಲಾಗುವುದಿಲ್ಲ.

ಲಕ್ಕುಂಡಿಯನ್ನು ಅದೇ ದಿನ ಸೇರಿಸಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ, ನಾನು ಗದಗಿನವನಾಗಿದ್ದೂ ಇದನ್ನು ಹೇಳುತ್ತಿದ್ದೇನೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಕೆತ್ತನೆ, ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ, ಇವುಗಳಿಗೆ ಒಂದು ಇಡೀ ದಿನವೂ ಕಡಿಮೆಯೇ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಸರಾದ ಊರನ್ನು ಗಡಿಯಾರ ನೋಡಿಕೊಂಡು ನೋಡಬಾರದು. ಬೆಳಿಗ್ಗೆ ಎಂಟಕ್ಕೆ ಧಾರವಾಡ ಬಿಟ್ಟು, ಹುಬ್ಬಳ್ಳಿಯಿಂದ ನೇರವಾಗಿ ಲಕ್ಷ್ಮೇಶ್ವರದ ದಾರಿ ಹಿಡಿದು, ಮಧ್ಯಾಹ್ನ ಅಲ್ಲೇ ಊಟ ಮುಗಿಸಿ ಮಾಗಡಿಗೆ ಹೋಗುವುದು ಉತ್ತಮ.

ಉತ್ತರ
ಎರಿಹೊಲ, ಶಿರಹಟ್ಟಿ ತಾಲೂಕು

ದುರ್ಬೀನು ಅಣ್ಣನವರೂ ಮಾಸ್ತರರೂ ಹೇಳಿದ್ದೆಲ್ಲ ಸರಿಯಾಗಿದೆ. ಕೆರೆಯ ಸುತ್ತಲಿನ ಭೂಮಿಯಲ್ಲಿ ದುಡಿಯುವವನಾಗಿ ಇನ್ನೊಂದು ಮಾತನ್ನು ಸೇರಿಸಬೇಕೆನಿಸಿತು.

ಮಾಗಡಿ ಕೆರೆಯನ್ನು ಹಕ್ಕಿಗಳಿಗಾಗಿ ಯಾರೂ ಕಟ್ಟಲಿಲ್ಲ. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಹೊಲಕ್ಕೆ ಉಣಿಸಲು ಕಟ್ಟಿದ ಕೆರೆ ಅದು. ಇಂದಿಗೂ ಅದಕ್ಕೆ ಮಳೆಯೇ ಆಧಾರ. ಮಳೆ ಕೈಕೊಟ್ಟ ವರ್ಷ ನೀರು ತಳ ಹಿಡಿಯುತ್ತದೆ, ಹೆಬ್ಬಾತುಗಳೂ ನೀರಿದ್ದ ಬೇರೆ ಕೆರೆಗಳನ್ನು ಹುಡುಕಿಕೊಂಡು ಹೋಗುತ್ತವೆ. ಆದ್ದರಿಂದ ಹೊರಡುವ ಮುಂಚೆ ಈ ಕಡೆಯ ಪರಿಚಿತರಿಗೆ ಫೋನ್ ಮಾಡಿ ನೀರು ಎಷ್ಟಿದೆ ಎಂದು ಕೇಳಿಕೊಂಡೇ ಹೊರಡಿ.

ರಾತ್ರಿ ಈ ಹಕ್ಕಿಗಳು ಬರುವುದು ನಮ್ಮ ಹೊಲಗಳಿಗೇ. ಚಳಿಗಾಲದಲ್ಲಿ ಹಿಂಗಾರಿ ಬೆಳೆ ನಿಂತಿರುತ್ತದೆ: ಕಡಲೆ, ಬಿಳಿಜೋಳ, ಗೋದಿ, ನೀರಾವರಿ ಇದ್ದಲ್ಲಿ ಶೇಂಗಾ. ಮೊದಲು ತಲೆಯ ಮೇಲೆ ರೆಕ್ಕೆಯ ಸಪ್ಪಳ ಕೇಳುತ್ತದೆ, ಆಮೇಲೆ ಗಂಟಲಿನಿಂದ ಬರುವ ಅವುಗಳ ಮಾತು, ಆಮೇಲೆ ಇಳಿಯುತ್ತವೆ. ಮೇಯುವಾಗ ಒಂದೆರಡು ಹಕ್ಕಿಗಳು ಮಾತ್ರ ಕೊರಳನ್ನು ಗಳದ ಹಾಗೆ ನೆಟ್ಟಗೆ ಎತ್ತಿಕೊಂಡು ಕಾವಲು ನಿಂತಿರುತ್ತವೆ, ಸ್ವಲ್ಪ ಹೊತ್ತಿಗೆ ಅವು ತಲೆ ತಗ್ಗಿಸಿ ಬೇರೆಯವು ನಿಲ್ಲುತ್ತವೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಗೋದಿಯ ಎಳೆ ಗರಿಗಳ ತುದಿಗಳು ಕತ್ತರಿಯಿಂದ ಕತ್ತರಿಸಿದಂತೆ ಸಮನಾಗಿರುತ್ತವೆ, ಸಾಲಿನ ನಡುವೆ ಬೆರಳುದ್ದದ ಹಸಿರು ಹಿಕ್ಕೆ ಬಿದ್ದಿರುತ್ತದೆ. ನಷ್ಟ ಆಗುವುದಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ನಮ್ಮ ಅಜ್ಜನ ಕಾಲದಿಂದಲೂ ಈ ಹಕ್ಕಿಗೆ ಕಲ್ಲು ಹೊಡೆಯುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಭೂಮಿತಾಯಿಯ ಪಾಲು, ಹಕ್ಕಿಪಕ್ಷಿಯ ಪಾಲು ಎಂದು ನಾವೇ ಹೇಳುತ್ತೇವಲ್ಲ. ಅದೇ ಹಕ್ಕಿ ಬಂದು ತನ್ನ ಪಾಲನ್ನು ಉಂಡರೆ ಸಿಟ್ಟಾಗುವುದು ಸರಿಯಲ್ಲವೆಂದು ಅಜ್ಜ ಹೇಳುತ್ತಿದ್ದರು.

ನೋಡಲು ಬರುವವರಿಂದ ನಾವು ಕೇಳುವುದು ಇಷ್ಟೇ. ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದುಕೊಂಡು ಬೆಳೆದ ಹೊಲದೊಳಗೆ ಇಳಿಯಬೇಡಿ. ಹೆಬ್ಬಾತು ಗರಿಯ ತುದಿ ತಿಂದರೆ ಪೈರು ಮತ್ತೆ ಚಿಗುರುತ್ತದೆ, ಮನುಷ್ಯ ತುಳಿದ ಕಡಲೆ ಗಿಡ ಮೇಲೆ ಏಳುವುದಿಲ್ಲ. ಚುರುಮುರಿ, ಬಿಸ್ಕೀಟು ನೀರಿಗೆ ಎಸೆಯಬೇಡಿ. ಗಾಡಿಯ ಹಾರ್ನ್ ಬಾರಿಸಬೇಡಿ. ನೆರಳು, ಅಂಗಡಿ ಇವುಗಳನ್ನು ನಂಬಿಕೊಂಡು ಬರುವುದಕ್ಕಿಂತ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬನ್ನಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಸಂಜೆಯವರೆಗೂ ಚಿಂತೆಯಿಲ್ಲ. ಹಿರಿಯರಿಗೆ ಒಂದು ಮಡಚುವ ಕುರ್ಚಿ ತನ್ನಿ. ಸೂರ್ಯ ಮುಳುಗಿದ ಮೇಲೆ ಬಯಲುಗಾಳಿ ಥಂಡಿಯಾಗಿರುತ್ತದೆ, ಅವರಿಗೊಂದು ಶಾಲು ಇರಲಿ. ಬಂದ ದಾರಿಯಲ್ಲಿ ಮರಳುವ ಬದಲು ಶಿರಹಟ್ಟಿ, ಗದಗ ಮಾರ್ಗವಾಗಿ ಹೋಗುವುದಾದರೆ ಶಿರಹಟ್ಟಿಯ ಫಕ್ಕೀರೇಶ್ವರ ಮಠಕ್ಕೆ ಹೋಗಿ ಕೈಮುಗಿದು ಬನ್ನಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಗದ್ದುಗೆ ಅದು.

ಮರುಪ್ರಶ್ನೆ
ಸಾಧನಕೇರಿ ಓದುಗ, ಧಾರವಾಡ

ಮೂವರಿಗೂ ತುಂಬಾ ಕೃತಜ್ಞತೆಗಳು. ಬಂಧುಗಳಿಗೆ ಲಕ್ಕುಂಡಿ ಈ ಸಲ ಇಲ್ಲವೆಂದು ಹೇಳಿದ್ದೇನೆ. ಒಂದೇ ಅನುಮಾನ ಉಳಿದಿದೆ. ಹಿಂಡು ಎದ್ದು ಹೋಗುವುದನ್ನು ನೋಡಲು ಎಷ್ಟು ಹೊತ್ತಿನವರೆಗೆ ಕಾಯಬೇಕು? ಮೊಣಕಾಲು ನೋವಿನ ತಂದೆಯವರನ್ನು ಕತ್ತಲಲ್ಲಿ ಒಡ್ಡಿನ ಮೇಲಿಂದ ಇಳಿಸುವುದು ಹೇಗೆಂಬ ಚಿಂತೆ.

ಉತ್ತರ
ಎರಿಹೊಲ, ಶಿರಹಟ್ಟಿ ತಾಲೂಕು

ಸೂರ್ಯ ಮುಳುಗಿ ಆಕಾಶ ಇನ್ನೂ ಕೆಂಪಾಗಿರುವಾಗಲೇ ಮೊದಲ ಹಿಂಡುಗಳು ಏಳುತ್ತವೆ. ಅಷ್ಟನ್ನು ನೋಡಿಕೊಂಡು ಹೊರಟರೆ ಸಾಕು. ಹಿರಿಯರು ಒಡ್ಡು ಹತ್ತುವುದೇ ಬೇಡ. ಗಾಡಿ ನಿಲ್ಲಿಸಿದಲ್ಲೇ ಕುರ್ಚಿ ಹಾಕಿ ಕೂರಿಸಿ. ಹಕ್ಕಿಗಳು ಹೊಲಕ್ಕೆ ಹೋಗುವಾಗ ತಲೆಯ ಮೇಲಿಂದಲೇ ಹಾದುಹೋಗುತ್ತವೆ, ಅವರಿಗೆ ನಿಮಗಿಂತ ಚೆನ್ನಾಗಿ ಕಾಣಬಹುದು.

ಹೋಗಿ ಬಂದ ಮೇಲೆ
ಸಾಧನಕೇರಿ ಓದುಗ, ಧಾರವಾಡ

ಮೊನ್ನೆ ಹೋಗಿ ಬಂದೆವು. ಮುಂದೆ ಇದೇ ಪ್ರಶ್ನೆ ಇಟ್ಟುಕೊಂಡು ಬರುವವರಿಗೆ ಅನುಕೂಲವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಲಕ್ಷ್ಮೇಶ್ವರವನ್ನು ಹತ್ತೂವರೆಗೆ ಮುಟ್ಟಿದೆವು. ತಂದೆಯವರು ಸೋಮೇಶ್ವರ ಗುಡಿಯ ಪ್ರಾಕಾರದೊಳಗೆ ಕಾಲಿಟ್ಟ ಮೇಲೆ ಬಹಳ ಹೊತ್ತು ಏನನ್ನೂ ಮಾತಾಡಲಿಲ್ಲ. ಆಮೇಲೆ ಒಂದು ಶಾಸನದ ಕಲ್ಲಿನ ಮುಂದೆ ಕುಳಿತರು. ಮಾಸ್ತರರು ಹೇಳಿದಂತೆ ಮಗಳು ಮೊಬೈಲಿನ ಬೆಳಕನ್ನು ಪಕ್ಕದಿಂದ ಹಿಡಿದಳು. ಮೇಲಿನ ಸಾಲುಗಳು ಸವೆದು ಹೋಗಿದ್ದವು. ಅವುಗಳ ಕೆಳಗೆ 'ಸ್ವಸ್ತಿ' ಸಿಕ್ಕಿತು. ಅಜ್ಜ ಒಂದು ಪದ ಹೇಳುವುದು, ಮೊಮ್ಮಗಳು ಕಲ್ಲನ್ನು ಮುಟ್ಟದೆ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಆ ಅಕ್ಷರವನ್ನು ಹುಡುಕುವುದು, ಹೀಗೆ 'ಭುವನಾಶ್ರಯ'ದವರೆಗೆ ಬಂದರು. ಅದರ ಮುಂದೆ ಕಲ್ಲು ಚಕ್ಕೆ ಎದ್ದಿತ್ತು. ಅಷ್ಟಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಶಂಖ ಬಸದಿಯನ್ನು ನೋಡಿದೆವು, ಮಸೀದಿಯನ್ನು ಹೊರಗಿನಿಂದ ಮಾತ್ರ ನೋಡಲಾಯಿತು. ಲಕ್ಕುಂಡಿಯನ್ನು ಸೇರಿಸಿಕೊಂಡಿದ್ದರೆ ಆ ಮುಕ್ಕಾಲು ಗಂಟೆ ನಮಗೆ ಸಿಗುತ್ತಿರಲಿಲ್ಲ.

ಕೆರೆಯನ್ನು ನಾಲ್ಕು ಗಂಟೆಗೆ ಮುಟ್ಟಿದಾಗ ಹಕ್ಕಿಗಳು ಕಳೆದ ಸಲದಂತೆಯೇ ನೀರಿನ ನಡುವೆ ಮಲಗಿದ್ದವು. ಈ ಸಲ ದುರ್ಬೀನು ಇತ್ತು. ಮಗಳು ಪಟ್ಟೆ ಇಲ್ಲದ ತಲೆಗಳನ್ನು ಹುಡುಕಿ ಹನ್ನೊಂದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಂದು ಮರಿ ಮಾತ್ರ ಎರಡು ದೊಡ್ಡ ಹಕ್ಕಿಗಳ ನಡುವೆ ನಿಂತು ರೆಕ್ಕೆ ಕೊಡವುತ್ತಿತ್ತು, ಅದನ್ನು ನಮ್ಮೆಲ್ಲರಿಗೂ ಸರದಿಯಲ್ಲಿ ತೋರಿಸಿದಳು. ಮಗ ಗುಳುಮುಳುಕನನ್ನು ಎಣಿಸಿದ. ಇಪ್ಪತ್ತರವರೆಗೆ ಎಣಿಸುವಷ್ಟರಲ್ಲಿ ಅದು ಏಳುತ್ತದೆ ಎಂಬುದು ಅವನ ಲೆಕ್ಕ. ಐದು ಗಂಟೆಯ ನಂತರ ನೀರಿನ ಮೇಲೆ ಮಾತು ಜೋರಾಗತೊಡಗಿತು. ಮಲಗಿದ್ದ ಕೊರಳುಗಳು ಒಂದೊಂದಾಗಿ ಎದ್ದವು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಮೂವತ್ತು ನಲವತ್ತು ಹಕ್ಕಿಗಳ ಮೊದಲ ಹಿಂಡು ಎದ್ದು, ಕಾರಿನ ಪಕ್ಕದಲ್ಲಿ ಶಾಲು ಹೊದ್ದು ಕುಳಿತಿದ್ದ ತಂದೆಯವರ ತಲೆಯ ಮೇಲಿಂದಲೇ ಹೋಯಿತು. ಎರಿಹೊಲ ಅವರೇ, ನೀವು ಹೇಳಿದ ರೆಕ್ಕೆಯ ಸಪ್ಪಳವನ್ನು ಅವರು ನಮಗಿಂತ ಮೊದಲೇ ಕೇಳಿ ಕೈ ಎತ್ತಿ ತೋರಿಸಿದರು. ನಾವು ಯಾರ ಹೊಲಕ್ಕೂ ಇಳಿಯಲಿಲ್ಲ, ತಂದ ಬುತ್ತಿಯ ಒಂದು ಕಾಗದವನ್ನೂ ಅಲ್ಲಿ ಬಿಡಲಿಲ್ಲ.

ಫೆಬ್ರುವರಿಯಲ್ಲಿ ಲಕ್ಕುಂಡಿಗೆ ಹೋಗುವ ಮಾತಾಗಿದೆ. ಮಾಸ್ತರರೇ, ಯಾವ ವಾರ ಒಳ್ಳೆಯದು?

ಉತ್ತರ
ನಿವೃತ್ತ ಮಾಸ್ತರ, ಗದಗ

ಶುಕ್ರವಾರ ಒಂದನ್ನು ಬಿಟ್ಟು ಯಾವ ದಿನವಾದರೂ ಬನ್ನಿ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅಂದು ರಜೆ ಇರುತ್ತದೆ. ಬೆಳಿಗ್ಗೆ ಬೇಗ ಬಂದು ಬ್ರಹ್ಮ ಜಿನಾಲಯದಿಂದಲೇ ಆರಂಭಿಸಿ. ಮುಸುಕಿನ ಬಾವಿಯ ಮೆಟ್ಟಿಲುಗಳು ಕಡಿದಾಗಿವೆ, ತಂದೆಯವರು ಮೇಲಿನಿಂದಲೇ ನೋಡಲಿ.